ಎರಡು ಹಲ್ಲಿನ ಪೈಲ್ವಾನ

ಔರಾದಿನ ಅಮರೇಶ್ವರ ಜಾತ್ರೆಯ ದನದ ಸಂತೆಗೆ ಹೋರಿ ಕೊಳ್ಳಲು ಬಂದವನು ಮೊದಲು ಅದರ ಮೈ ಸವರುವುದಿಲ್ಲ, ಬಾಯಿ ಬಿಡಿಸುತ್ತಾನೆ. ಎಡಗೈಯಲ್ಲಿ ಮೂಗುದಾರ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕೆಳದುಟಿ ಇಳಿಸಿ ಹಲ್ಲು ಎಣಿಸುತ್ತಾನೆ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ಎರಡೂವರೆ ವರ್ಷದ ಆಸುಪಾಸು. ನಾಲ್ಕು ಹಲ್ಲಿಗೆ ಒಂದು ಬೆಲೆ, ಆರು ಹಲ್ಲಿಗೆ ಇನ್ನೊಂದು. ಎಂಟೂ ಬಂದರೆ ಬಾಯಿಗೂಡಿತು ಅಂತ ಲೆಕ್ಕ. ದೇವಣಿ ತಳಿಯ ಹೋರಿ ಎರಡು ಹಲ್ಲಿಗೇ ಆನೆಮರಿಯ ಹಾಗೆ ಕಾಣುತ್ತದೆ. ಕರಿ ಮೋರೆ, ಬಿಳಿ ಮೈ, ಜೋತುಬಿದ್ದ ಗಂಗೆದೊಗಲು. ಅನುಭವ ಇಲ್ಲದವನು ಆ ಮೈಕಟ್ಟು ನೋಡಿ ರೊಕ್ಕ ಎಣಿಸಿ, ಮನೆಗೆ ಹೊಡೆದುಕೊಂಡು ಹೋಗಿ, ಮರುದಿನವೇ ಗಳೇ ಹೂಡುತ್ತಾನೆ. ಮೂರು ತಿಂಗಳಲ್ಲಿ ಹೋರಿಯ ಹೆಗಲು ಒಡೆದಿರುತ್ತದೆ.

ನಮಗೆ ಕುಸ್ತಿ ಕಲಿಸಿದ ಉಸ್ತಾದರು ಹುಡುಗರನ್ನು ಅಳೆಯುತ್ತಿದ್ದದ್ದೂ ಇದೇ ಭಾಷೆಯಲ್ಲಿ. ಯಾರಾದರೂ ಹಳ್ಳಿಯ ಗೌಡರು ಬಂದು, 'ನಿಮ್ಮ ಆ ಪೋರ ಚೆಂದ ಹಿಡಿತಾನಲ್ಲ, ನಮ್ಮ ಜಾತ್ರಿಗಿ ಕಡಗದ ಕುಸ್ತಿಗಿ ಕಳಸ್ರಿ' ಅಂದರೆ, ಅವರು ಬೀಡಿ ಬಾಯಿಂದ ತೆಗೆದು, 'ಇನ್ನಾ ಎರಡು ಹಲ್ಲಿಂದು ಅದ ಗೌಡ್ರೆ. ನಾಕು ಬರಲಿ' ಅನ್ನುತ್ತಿದ್ದರು. ಆ ಪೋರ ಬಾಗಿಲ ಮರೆಯಲ್ಲಿ ನಿಂತು ಹಲ್ಲು ಕಚ್ಚುತ್ತಿದ್ದ. ಆ ಪೋರ ಒಂದೆರಡು ಸಲ ನಾನೇ ಆಗಿದ್ದೆ.

ನಾನು ಹುಟ್ಟಿದ್ದು 1956ರಲ್ಲಿ, ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ. ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ, ನವೆಂಬರ್ 1ಕ್ಕೆ. ಹನ್ನೆರಡು ತುಂಬಿದಾಗ ಸೋದರಮಾವ ನನ್ನನ್ನು ಬೀದರಿಗೆ ಕರೆದುಕೊಂಡು ಹೋದ. ಹೆಸರಿಗೆ ಶಾಲೆ, ಒಳಗಿನ ಆಸೆ ತಾಲೀಮು. ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಅವ್ವ ಒಂದು ಗಂಟು ನೆನೆಗಡಲೆ ಕಟ್ಟಿಕೊಟ್ಟಿದ್ದಳು. ಖಾನಾಪುರ ದಾಟುವಷ್ಟರಲ್ಲಿ ಅದು ಮುಗಿದಿತ್ತು.

ತಾಲೀಮು ಅಂದರೆ ರಾಜ್ಯದ ಎಷ್ಟೋ ಕಡೆಯವರಿಗೆ ನಾಟಕದ ಅಭ್ಯಾಸ. ನಮ್ಮ ಬೀದರಿನಲ್ಲಿ ಅದು ವಿಳಾಸ. ಹಳೇ ಊರಿನ ನಡುವೆ, ನಾಲ್ಕು ಹಾದಿ ಕೂಡುವಲ್ಲಿ, 71 ಅಡಿ ಎತ್ತರದ ಚೌಬಾರ ನಿಂತಿದೆ. ಅದರ ಸುತ್ತಿನ ಮೊಹಲ್ಲಾಗಳ ಹೆಸರು ಕೇಳಿ: ಸಿದ್ದಿ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲ್ ತಾಲೀಮ್. ನಾಲ್ಕೂ ಹಿಂದೆ ವ್ಯಾಯಾಮಶಾಲೆಗಳು. ಕುಸ್ತಿ, ಲಾಠಿ, ಕತ್ತಿವರಸೆ ಕಲಿಸುತ್ತಿದ್ದ ಜಾಗಗಳು. ಗುಲಾಂ ಯಜ್ದಾನಿಯವರು 1947ರಲ್ಲಿ ಅಚ್ಚಾದ ತಮ್ಮ ಬೀದರ್ ಇತಿಹಾಸದ ದೊಡ್ಡ ಗ್ರಂಥದಲ್ಲಿ ಕೋಟೆ, ಮದರಸಾ, ಗುಂಬಜ್‌ಗಳ ಜೊತೆಗೆ ಈ ತಾಲೀಮುಗಳನ್ನೂ ಮರೆಯದೆ ಬರೆದಿದ್ದಾರೆ. ಅರಬ್ಬಿಯಲ್ಲಿ ಆ ಮಾತಿನ ಅರ್ಥ ಕಲಿಸುವುದು ಅಂತ. ಮಹಮೂದ್ ಗವಾನನ ಮದರಸಾದಲ್ಲಿ ಓದು ಕಲಿಸಿದರು, ಈ ಓಣಿಗಳಲ್ಲಿ ಮೈ ಕಲಿಸಿದರು. 1472ರ ಮದರಸಾದ ಅರ್ಧ ಭಾಗ ಸಿಡಿಮದ್ದಿಗೆ ಹಾರಿಹೋಯಿತು. ತಾಲೀಮುಗಳ ಗೋಡೆ ಹೋದರೂ ಹೆಸರು ಹೋಗಲಿಲ್ಲ. ಇವತ್ತಿಗೂ ಅಲ್ಲಿಗೆ ಅಂಚೆ ಹೋಗುತ್ತದೆ.

ನಾನು ಕಲಿತದ್ದು ಯಾವ ಓಣಿಯಲ್ಲಿ ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ ಓಣಿಯವರು ಈ ವಯಸ್ಸಿನಲ್ಲೂ ಜಗಳಕ್ಕೆ ಬರುತ್ತಾರೆ.

ನಮ್ಮ ತಾಲೀಮು ಒಂದು ಉದ್ದನೆಯ ತಗ್ಗು ಕೋಣೆ. ಗೋಡೆ ಜಂಬಿಟ್ಟಿಗೆ ಕಲ್ಲಿನದು, ಮೇಲೆ ತಗಡು. ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಬೇಕು. ಬಾಗಿಲನ್ನು ಹಾಗೆಯೇ ಮಾಡಿದ್ದರು. ಒಳಗೆ ಕೆಂಪು ಮಣ್ಣಿನ ಕಣ. ಬೀದರಿನ ದಿಣ್ಣೆಯೇ ಕೆಂಪು ಮುರುಮಿನದು, ಮಣ್ಣಿಗೆ ಬರವಿಲ್ಲ. ಆದರೆ ಅಗೆದು ತಂದ ಮಣ್ಣು ಹಾಗೇ ನಡೆಯುವುದಿಲ್ಲ. ಜರಡಿ ಹಿಡಿದು, ಕಲ್ಲು ಆರಿಸಿ, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಕಲಸಿ ಹದಕ್ಕೆ ಬಿಡಬೇಕು. ನಸುಕಿನ ನಾಲ್ಕಕ್ಕೆ ಎದ್ದು ಹೊಸ ಹುಡುಗರು ಮೊದಲು ಮಾಡುವ ಕೆಲಸ ಕುಸ್ತಿ ಅಲ್ಲ, ಸಲಿಕೆ ಹಿಡಿದು ಆ ಮಣ್ಣನ್ನು ಬುಡಮೇಲು ಮಾಡುವುದು. ಮೊದಲ ಆರು ತಿಂಗಳು ನಾನು ಕಲಿತದ್ದು ಅದಷ್ಟೇ. ಆಮೇಲೆ ಬೈಠಕ್, ದಂಡ, ಹಗ್ಗ ಹತ್ತುವುದು. ಖುರಾಕು ಅಂದರೆ ಬದಾಮು, ತುಪ್ಪ, ಹಾಲು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ನಮ್ಮಂಥವರಿಗೆ ಜೋಳದ ರೊಟ್ಟಿ, ಶೇಂಗಾ, ನೆನೆಗಡಲೆ. ಬದಾಮು ಎಣಿಸಿಕೊಂಡು ತಿನ್ನುವವನು ಇಡೀ ತಾಲೀಮಿನಲ್ಲಿ ಒಬ್ಬನೇ ಇದ್ದ, ಬಟ್ಟೆ ಅಂಗಡಿಯವರ ಮಗ. ಅವನು ಒಂದೂ ಕುಸ್ತಿ ಗೆಲ್ಲಲಿಲ್ಲ ಅಂತ ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತೀರಿ. ಆದರೂ ಹೇಳುತ್ತೇನೆ.

ಕಣದ ಮೂಡಣ ಗೋಡೆಗೆ ಸುಣ್ಣ ಬಳಿದಿತ್ತು. ಆ ಗೋಡೆ ಉಸ್ತಾದರ ಲೆಕ್ಕದ ಪುಸ್ತಕ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಒಬ್ಬೊಬ್ಬ ಹುಡುಗನಿಗೂ ಒಂದು ಗುರುತು: ನನ್ನದು ರೈಲು ಅಂತ ಎರಡು ಅಡ್ಡಗೆರೆ, ಭಾಲ್ಕಿಯಿಂದ ರೈಲಿನಲ್ಲಿ ಬಂದವನಲ್ಲವೆ. ಆ ಗುರುತಿನ ಕೆಳಗೆ ಇದ್ದಲಿನಿಂದ ಗೆರೆ ಎಳೆಯುತ್ತಿದ್ದರು, ಇಲ್ಲವೆ ಸೊನ್ನೆ ಹಾಕುತ್ತಿದ್ದರು. ನಾನು ಮೊದಲ ವರ್ಷ ತಿಳಿದುಕೊಂಡದ್ದು ಗೆರೆ ಅಂದರೆ ಗೆಲುವು, ಸೊನ್ನೆ ಅಂದರೆ ಸೋಲು ಅಂತ. ಒಂದು ದಿನ ಎಣಿಸಿ ನೋಡಿದರೆ ಲೆಕ್ಕ ಕೂಡುತ್ತಿಲ್ಲ. ನಾನು ಆ ತಿಂಗಳು ಗೆದ್ದದ್ದು ಎರಡೇ, ಗೆರೆ ಒಂಬತ್ತು ಇವೆ. ಎಲ್ಲರನ್ನೂ ಎತ್ತಿ ಒಗೆಯುತ್ತಿದ್ದ ದೊಡ್ಡ ಹುಡುಗನ ಕೆಳಗೆ ಬರೀ ಸೊನ್ನೆ.

ಹೆದರುತ್ತ ಕೇಳಿದೆ. ಅವರು ನಕ್ಕರು. 'ಬೇಟಾ, ಗೆದ್ದದ್ದು ನಾ ಯಾಕ ಬರೀಲಿ? ಅದು ನೀನೇ ಊರಿಗೆಲ್ಲಾ ಹೇಳ್ಕೋತ ಹೋಗ್ತಿ. ಇಲ್ಲಿ ಬಿದ್ದದ್ದು ಅಷ್ಟೇ ಅದ.' ದಾವು ಅಂದರೆ ಕುಸ್ತಿಯ ಪಟ್ಟು. ಹೊಸ ದಾವಿಗೆ ಬಿದ್ದರೆ ಗೆರೆ. ಹಿಂದೆ ಬಿದ್ದ ದಾವಿಗೇ ಮತ್ತೆ ಬಿದ್ದರೆ ಸೊನ್ನೆ. ಸೋಮವಾರ ಢಾಕಿಗೆ ಬಿದ್ದು, ಗುರುವಾರ ಕಲಾಜಂಗಿಗೆ ಬಿದ್ದು, ಶನಿವಾರ ಧೋಬಿ ಪಛಾಡಕ್ಕೆ ಬಿದ್ದವನಿಗೆ ಮೂರು ಗೆರೆ. ಅವನು ಕಲಿಯುತ್ತಿದ್ದಾನೆ. ಮೂರೂ ದಿನ ಢಾಕಿಗೇ ಬಿದ್ದವನಿಗೆ ಒಂದು ಗೆರೆ, ಎರಡು ಸೊನ್ನೆ. ದೊಡ್ಡ ಹುಡುಗ ತಿಂಗಳಿಗೆ ಒಂದೋ ಎರಡೋ ಸಲ ಬೀಳುತ್ತಿದ್ದ. ಬಿದ್ದಾಗಲೆಲ್ಲ ಘಿಸ್ಸಾಕ್ಕೇ ಬೀಳುತ್ತಿದ್ದ. ಮಂಡಿ ಊರಿ ಕೆಳಗೆ ಕೂತಾಗ ಹಿಂದಿನಿಂದ ಲಂಗೋಟ ಹಿಡಿದು ಮಗುಚಿದರೆ ಮುಗಿಯಿತು. ಅವನ ಬಲ ಅವನ ಆ ಒಂದು ತೂತನ್ನು ಎರಡು ವರ್ಷ ಮುಚ್ಚಿಟ್ಟಿತ್ತು.

ವರ್ಷಕ್ಕೊಮ್ಮೆ ನಾಗರಪಂಚಮಿಯ ಮುಂಚೆ ಗೋಡೆಗೆ ಹೊಸ ಸುಣ್ಣ. ಹಳೇ ಲೆಕ್ಕ ಮುಗಿಯಿತು. ಪಂಚಮಿಯ ದಿನ ತಾಲೀಮಿನ ಹೊಸ್ತಿಲಿಗೆ ಕಾಯಿ ಒಡೆದು ಮತ್ತೆ ಮೊದಲಿನಿಂದ ಶುರು. ಆ ಸುಣ್ಣದ ದಿನ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು, ಎಷ್ಟೊಂದು ಗೆರೆ ಹೋದವಲ್ಲ ಅಂತ.

ಇದು ತಾಲೀಮಿನ ಒಳಗಿನ ಅಳತೆ. ಹೊರಗಿನ ಅಳತೆ ಜಾತ್ರೆಯದು, ಮತ್ತು ಅದಕ್ಕೆ ಅದರದೇ ಮೆಟ್ಟಿಲುಗಳಿದ್ದವು. ಭಾಲ್ಕಿಯ ಭಾಲ್ಕೇಶ್ವರ, ಖಾನಾಪುರದ ಮೈಲಾರ ಮಲ್ಲಣ್ಣ, ಔರಾದಿನ ಅಮರೇಶ್ವರ, ಬೀದರ್ ಪಕ್ಕದ ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಉರುಸು: ಊರು ಯಾವುದಾದರೂ ಕ್ರಮ ಒಂದೇ. ತೇರೋ ಪಲ್ಲಕ್ಕಿಯೋ ಗಂಧವೋ ಮುಗಿದ ಮರುದಿನ ಮಧ್ಯಾಹ್ನ ಹಲಗಿ ಬಡಿಯಲು ಶುರು. ಊರ ಹೊರಗಿನ ಹೊಲದಲ್ಲಿ ನೇಗಿಲು ಹೊಡೆದು ಹದ ಮಾಡಿದ ಕಣ. ಸುತ್ತ ಜನ, ಮುಂದಿನ ಸಾಲಿನವರು ಕುಕ್ಕರಗಾಲು, ಹಿಂದಿನವರು ಬಂಡಿಯ ಮೇಲೆ, ಅದರ ಹಿಂದಿನವರು ಬೇವಿನ ಮರದಲ್ಲಿ. ನಡುವೆ ರುಮಾಲು ಸುತ್ತಿದ ಪಂಚರು.

ಮೊದಲು ಕಾಯಿ ಕುಸ್ತಿ. ಎಂಟು, ಹತ್ತು ವರ್ಷದ ಹುಡುಗರು. ಗೆದ್ದವನಿಗೆ ಒಂದು ತೆಂಗಿನಕಾಯಿ. ನಮ್ಮ ಕಡೆ ತೆಂಗು ಬೆಳೆಯುವುದು ಅಪರೂಪ, ಆ ಕಾಯಿಗೆ ಬೆಲೆ ಇತ್ತು. ಆಮೇಲೆ ಒಂದು ರೂಪಾಯಿಯ ಕುಸ್ತಿ, ಎರಡರದ್ದು, ಐದರದ್ದು, ಹತ್ತರದ್ದು. ಹೊತ್ತು ಇಳಿದಂತೆ ರೊಕ್ಕ ಏರುತ್ತದೆ, ಮೈ ದಪ್ಪವಾಗುತ್ತದೆ, ಹಲಗಿಯ ಸದ್ದು ಬದಲಾಗುತ್ತದೆ. ಎಲ್ಲಕ್ಕೂ ಕಡೆಗೆ ಬೆಳ್ಳಿ ಕಡಗದ ಕುಸ್ತಿ. ಕಡೇ ಕುಸ್ತಿ, ಕಡಗದ ಕುಸ್ತಿ, ಎರಡೂ ಒಂದೇ. ಕಡಗದ ತೂಕ ಊರಿನ ಮಳೆ ಬೆಳೆ ನೋಡಿಕೊಂಡು. 1972ರ ಬರದಲ್ಲಿ ನಾನು ಒಂದು ಹಳ್ಳಿಯಲ್ಲಿ ಕಡೇ ಕುಸ್ತಿಗೆ ಕಡಗದ ಬದಲು ಒಂದು ಚೀಲ ಜೋಳ ಇಟ್ಟದ್ದು ನೋಡಿದ್ದೇನೆ. ಆ ದಿನ ಹಿಡಿದಂಥ ಕುಸ್ತಿಯನ್ನು ಆಮೇಲೆ ಎಷ್ಟು ತೊಲ ಬೆಳ್ಳಿಗೂ ಹಿಡಿದದ್ದು ನೋಡಲಿಲ್ಲ.

ಈ ಮೆಟ್ಟಿಲುಗಳಲ್ಲಿ ಹುಡುಗನನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಪಂಚರ ಕೆಲಸ. ತಕ್ಕಡಿ ಇಲ್ಲ, ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಹುಡುಗ ಲಂಗೋಟ ಕಟ್ಟಿ ಕೈ ಎತ್ತಿ ಕಣದ ಸುತ್ತ ನಡೆಯುತ್ತಾನೆ. ಎದುರು ಹಿಡಿಯುವವನು ಎದ್ದು ಬಂದು ಕೈ ಕೊಡುತ್ತಾನೆ. ಪಂಚ ಇಬ್ಬರ ಮಣಿಕಟ್ಟು ಹಿಡಿದು ನೋಡುತ್ತಾನೆ, ಕತ್ತು ನೋಡುತ್ತಾನೆ, ಕಿವಿ ನೋಡುತ್ತಾನೆ. ಕಿವಿ ಮುರಿದು ಹೂಕೋಸಿನ ಹಾಗೆ ಗಂಟಾಗಿದ್ದರೆ ಮಣ್ಣು ತಿಂದ ಮೈ ಅಂತ ಅರ್ಥ, ಅವನನ್ನು ಹಸೀ ಹುಡುಗನ ಎದುರು ಬಿಡಬಾರದು. 'ಜೋಡಿ ಅಲ್ಲ' ಅಂದರೆ ಇಬ್ಬರೂ ಹಿಂದಕ್ಕೆ ಹೋಗಬೇಕು. ಒಮ್ಮೆ ಜೋಡಿ ಹಚ್ಚಿದ ಮೇಲೆ ನಿಕಾಲಿ ಕುಸ್ತಿ: ಬೆನ್ನು ಮಣ್ಣಿಗೆ ಹತ್ತಿ ಚಿತ್ ಆಗುವ ತನಕ. ಅರ್ಧ ತಾಸು ಆದರೂ ಆಗದಿದ್ದರೆ ಬರಾಬರಿ ಅಂತ ಬಿಡಿಸಿ ರೊಕ್ಕ ಹಂಚುತ್ತಿದ್ದರು. ಮೊದಲೇ ಮಾತಾಡಿಕೊಂಡು ಬಂದ ನೂರಾ ಕುಸ್ತಿಯೂ ಇರುತ್ತಿತ್ತು. ಅದನ್ನು ಹಲಗಿಯವನೇ ಮೊದಲು ಗುರುತು ಹಿಡಿದು ಬಾರಿಸುವುದು ನಿಲ್ಲಿಸಿಬಿಡುತ್ತಿದ್ದ.

ಜಾತ್ರೆಯಿಂದ ಜಾತ್ರೆಗೆ ನಾವು ರೈಲಿನಲ್ಲೇ ಹೋಗುತ್ತಿದ್ದದ್ದು. ಬೀದರ್, ಖಾನಾಪುರ, ಭಾಲ್ಕಿ, ಕಮಲನಗರ, ಆಮೇಲೆ ಉದಗೀರ. 1956ಕ್ಕೆ ಮುಂಚೆ ಉದಗೀರ, ನಿಲಂಗಾ ಎಲ್ಲ ನಮ್ಮ ಬೀದರ್ ಜಿಲ್ಲೆಯವೇ. ಗಡಿ ಹಾಕಿದವರಿಗೆ ಕುಸ್ತಿಯ ಲೆಕ್ಕ ಗೊತ್ತಿರಲಿಲ್ಲ, ಪೈಲ್ವಾನರಿಗೆ ಗಡಿಯ ಲೆಕ್ಕ ಗೊತ್ತಿರಲಿಲ್ಲ. ಉದಗೀರದ ಹುಡುಗ ಔರಾದಿಗೆ ಬರುತ್ತಿದ್ದ, ಔರಾದಿನವ ದೇಗಲೂರಿಗೆ ಹೋಗುತ್ತಿದ್ದ. ಮರಾಠಿ, ಕನ್ನಡ, ದಖನಿ ಮೂರರಲ್ಲೂ ಬೈಯಲು ಬಂದರೆ ಸಾಕು. ನಿಲಂಗಾ ಸೀಮೆಯ ಹರಿಶ್ಚಂದ್ರ ಬಿರಾಜದಾರರು 1970ರಲ್ಲಿ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ತಂದಾಗ ನಮ್ಮ ತಾಲೀಮಿನಲ್ಲಿ ಪೇಢೆ ಹಂಚಿದ್ದು ಇವತ್ತು ಹಂಚಿದ ಹಾಗಿದೆ. ನಮ್ಮ ಮಣ್ಣಿನ ಪಕ್ಕದ ಮಣ್ಣಿನವರು.

ಹುಡುಗರನ್ನು ಹೀಗೆ ಅಳೆದು ನೋಡುವುದು ಉಸ್ತಾದರ ಸ್ವಂತ ಬುದ್ಧಿ ಅಂತ ನಾನು ಬಹಳ ದಿನ ನಂಬಿದ್ದೆ. ಮುಂದೆ ನಾನು ಪೈಲ್ವಾನನಾಗಲಿಲ್ಲ, ಡ್ರಿಲ್ ಮಾಸ್ತರನಾದೆ. ತರಬೇತಿಗೆ ಹೋದಾಗ ಕುಸ್ತಿಯ ಇತಿಹಾಸ ಅಂತ ಒಂದು ಪಾಠ. ಅದರಲ್ಲಿ ನಮ್ಮದೇ ಜಿಲ್ಲೆಯ ಕಲ್ಯಾಣ ಬಂದುಬಿಟ್ಟಿತು. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಹನ್ನೆರಡನೆಯ ಶತಮಾನದವನು, ಮಾನಸೋಲ್ಲಾಸ ಅಂತ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಬರೆದಿದ್ದಾನೆ. ಅಡುಗೆ, ಆನೆ, ಸಂಗೀತ, ಬೇಟೆ ಎಲ್ಲ ಇರುವ ಆ ನೂರು ಅಧ್ಯಾಯಗಳಲ್ಲಿ ಮಲ್ಲವಿನೋದ ಅಂತಲೂ ಒಂದಿದೆ. ಅದರಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆ ಬೇರೆ ವರ್ಗ ಮಾಡಿದ್ದಾನೆ. ಯಾರು ಹೇಗೆ ಸಾಧನೆ ಮಾಡಬೇಕು, ಏನು ತಿನ್ನಬೇಕು ಅಂತ ಹೇಳಿದ್ದಾನೆ. ಬೇಳೆ, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿ ಎಲ್ಲ ರಾಜನ ಖರ್ಚು. ಅರಮನೆಯ ಹೆಂಗಸರಿಂದ ದೂರ ಇಡಬೇಕು ಅಂತಲೂ ಇದೆ. ಅದನ್ನು ನಮ್ಮ ಉಸ್ತಾದರು ಸಿನಿಮಾ ಟಾಕೀಸಿಗೆ ಅನ್ವಯ ಮಾಡಿದ್ದರು.

ನನಗೆ ಆ ಗ್ರಂಥದಲ್ಲಿ ಹಿಡಿಸಿದ್ದು ಬೇರೆ ಒಂದು ಸಂಗತಿ. ದಾವುಗಳ ಹೆಸರು ಸಾಲಾಗಿ ಕೊಟ್ಟಿದೆ, ಹಾಕುವುದು ಹೇಗೆ ಅಂತ ವಿವರಿಸಿಲ್ಲ. ಪಂಡಿತರು ಅದನ್ನು ಕೊರತೆ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬರೆದವನಿಗೆ ಗೊತ್ತಿತ್ತು, ದಾವನ್ನು ಓಲೆಯ ಮೇಲೆ ಬರೆಯಲು ಆಗುವುದಿಲ್ಲ, ಯಾರೋ ಒಬ್ಬ ಹಿರಿಯ ನಿನ್ನ ಮೈಮೇಲೆ ಹಾಕಿ ತೋರಿಸಬೇಕು, ನೀನು ಬೀಳಬೇಕು, ಆಮೇಲೆ ಅದು ಗೊತ್ತಾಗುತ್ತದೆ.

ಕೊಲ್ಲಾಪುರದ ಮಾತು ಬರದೆ ನಮ್ಮ ಕಡೆಯ ಕುಸ್ತಿಯ ಮಾತು ಮುಗಿಯುವುದಿಲ್ಲ. ಶಾಹೂ ಮಹಾರಾಜರು 1912ರಲ್ಲಿ ಅಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. ಆಮೇಲೆ ಚಿಕ್ಕೋಡಿಯಿಂದ ಬೀದರಿನ ತನಕ ಕುಸ್ತಿಯ ಹುಚ್ಚು ಇದ್ದವರೆಲ್ಲ ಆ ದಿಕ್ಕಿಗೆ ಮುಖ ಮಾಡಿದರು. ಆ ಊರಲ್ಲಿ ಓದಿದ ಖಾಶಾಬಾ ಜಾಧವರ ಕತೆಯನ್ನು ಉಸ್ತಾದರು ಪ್ರತಿ ವರ್ಷ ಸುಣ್ಣದ ದಿನ ಹೇಳುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಜಾಧವರು ಬಂದದ್ದು ಆರನೆಯವರಾಗಿ. ಮಣ್ಣಿನಲ್ಲಿ ಬೆಳೆದವರು, ಮ್ಯಾಟಿನ ಕುಸ್ತಿಯ ಕಾಯಿದೆ ಅಲ್ಲಿಗೆ ಹೋಗಿ ಕಲಿಯಬೇಕಾಯಿತು. ಊರಿಗೆ ಬಂದಾಗ ಆರನೇ ಸ್ಥಾನದವನಿಗೆ ಹೂಮಾಲೆ ಯಾರು ಹಾಕುತ್ತಾರೆ? ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಗೆ ಹೋಗಲು ರೊಕ್ಕ ಇರಲಿಲ್ಲ. ಅವರ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. 1952ರಲ್ಲಿ ಜಾಧವರು ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. 'ಪೈಲ್ವಾನ ಯಾರು? ಜಾಧವ' ಅಂತ ಉಸ್ತಾದರು ಕೇಳಿ ತಾವೇ ಉತ್ತರ ಹೇಳುತ್ತಿದ್ದರು. 'ಪಾರಖೀ ಯಾರು? ಮನಿ ಅಡವ ಇಟ್ಟಂವ.' ಪಾರಖಿ ಅಂದರೆ ಪರೀಕ್ಷೆ ಮಾಡಿ ಬೆಲೆ ಕಟ್ಟುವವನು. ಬಿದ್ರಿ ಕೆಲಸದವರ ಓಣಿಯಲ್ಲಿ ಬೆಳ್ಳಿ ಉಜ್ಜಿ ನೋಡುವವರಿಗೆ ಹೇಳುವ ಮಾತು.

ಜಾತ್ರೆಯ ಎಲ್ಲ ಪಂಚರೂ ಪಾರಖಿಗಳಾಗಿರಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವನಾದ ಒಬ್ಬ ಹುಡುಗ ನಮ್ಮ ತಾಲೀಮಿನಲ್ಲಿದ್ದ. ಮೈಯೆಲ್ಲ ಬೆತ್ತದ ಹಾಗೆ. ಹದಿನಾರಕ್ಕೆ ನೂರು ರೂಪಾಯಿಯ ಕುಸ್ತಿ ಹೊಡೆದ. ಆ ಕಾಲಕ್ಕೆ ನೂರು ಅಂದರೆ ದೊಡ್ಡ ಮಾತು. ಊರವರು ಹೆಗಲ ಮೇಲೆ ಹೊತ್ತು, ಗುಲಾಲು ಎರಚಿ, ಓಣಿ ಓಣಿ ಮೆರೆಸಿದರು. ಮರುವರ್ಷ ಒಂದು ಜಾತ್ರೆಯ ಪಂಚರು, ಊರ ಹೆಸರು ಬೇಡ, ಜನ ಕೂಗಿದರು ಅಂತ ಅವನನ್ನು ಸೀದಾ ಕಡಗಕ್ಕೆ ನಿಲ್ಲಿಸಿದರು. ಎದುರಿಗೆ ಮೂವತ್ತರ, ಎರಡೂ ಕಿವಿ ಮುರಿದ ಪೈಲ್ವಾನ. ಉಸ್ತಾದರು ಆ ದಿನ ಜ್ವರ ಬಂದು ಬೀದರಿನಲ್ಲಿ ಮಲಗಿದ್ದರು. ಹುಡುಗ ಹತ್ತು ನಿಮಿಷ ಚೆನ್ನಾಗಿಯೇ ತಡೆದ. ಆಮೇಲೆ ಢಾಕು ಬಿತ್ತು, ಹುಡುಗ ನೆಲಕ್ಕೆ ಕೈ ಕೊಟ್ಟ, ಭುಜ ಕೀಲು ತಪ್ಪಿತು. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ, ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗೆ. ಅವನ ಗುರುತಿನ ಕೆಳಗೆ ಆ ವರ್ಷ ಉಸ್ತಾದರು ಏನೂ ಬರೆಯಲಿಲ್ಲ. 'ಇದು ಅವನ ಸೋಲಲ್ಲ' ಅಂದರು. ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ.

ಎಳೆಯ ಹುಡುಗನನ್ನು ಯಾವಾಗ, ಎಲ್ಲಿ ನಿಲ್ಲಿಸಬೇಕು ಅನ್ನುವ ತೊಡಕು ಕುಸ್ತಿಗೆ ಮಾತ್ರ ಅಲ್ಲ. ನನ್ನ ತಂಗಿಯ ಮಗ ಈಗ ಕೆನಡಾದ ಎಡ್ಮಂಟನ್ನಿನಲ್ಲಿದ್ದಾನೆ. ಅಲ್ಲಿಯ ಫುಟ್ಬಾಲು ನಮ್ಮದಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವುದು. ತಂಡಕ್ಕೆ ಹನ್ನೆರಡು ಜನ, 110 ಗಜದ ಮೈದಾನ, ಹತ್ತು ಗಜ ಮುಂದೆ ಹೋಗಲು ಮೂರೇ ಅವಕಾಶ. ಚೆಂಡು ಯಾರಿಗೆ ಎಸೆಯಬೇಕೆಂದು ಕಣ್ಣುಮುಚ್ಚಿ ಬಿಡುವುದರಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕು. ನಮ್ಮ ಹುಡುಗನ ಫೋನ್ ಬಂದರೆ ಅರ್ಧ ತಾಸು ಇದೇ ದೂರು: ಹೊಸ ಹುಡುಗ ಬಂದಿದ್ದಾನೆ ಮಾಮಾ, ಒಂದು ದಿನ ಸಿಂಹ, ಒಂದು ದಿನ ಕುರಿ, ಇವನನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ? ಎಷ್ಟು ಎಸೆದ, ಎಷ್ಟು ಮುಟ್ಟಿತು, ಎಷ್ಟು ಎದುರಾಳಿಗೆ ಸಿಕ್ಕಿತು ಅಂತ ಅಂಕಿ ಓದುತ್ತಾನೆ. ನಾನು ಕೇಳುವುದು ಒಂದೇ: 'ಎದುರಿನವರಿಗೆ ಸಿಕ್ಕದ್ದು ಪ್ರತಿ ಸಲ ಒಂದೇ ನಮೂನಿ ಸಿಕ್ಕದೇನೋ, ಬ್ಯಾರೆ ಬ್ಯಾರೆ ನಮೂನಿಯೋ?' ಅವನಿಗೆ ಅದು ಗೊತ್ತಿರುವುದಿಲ್ಲ. ಅಂಕಿಯಲ್ಲಿ ಗೆರೆಗೂ ಸೊನ್ನೆಗೂ ವ್ಯತ್ಯಾಸ ಇಲ್ಲ.

ಅವನ ಊರಿನ ತಂಡದ ಹಳೇ ಕತೆಯೊಂದನ್ನು ಅವನೇ ಹೇಳಿದ. 1978ರಲ್ಲಿ ವಾರನ್ ಮೂನ್ ಅಂತ ಒಬ್ಬ ಕರಿಯ ಹುಡುಗ ಅಮೆರಿಕದಿಂದ ಅಲ್ಲಿಗೆ ಬಂದ. ಕರಿಯನನ್ನು ಕ್ವಾರ್ಟರ್‌ಬ್ಯಾಕಿನ ಜಾಗದಲ್ಲಿ ಆಡಿಸಲು ಅವನ ದೇಶದ ತಂಡಗಳಿಗೆ ಮನಸ್ಸಿರಲಿಲ್ಲ, ಬೇರೆ ಜಾಗಕ್ಕೆ ಹೋಗು ಅಂದಿದ್ದರು. ಎಡ್ಮಂಟನ್ನಿನವರು ಅವನಿಗೆ ಆ ಜಾಗವನ್ನೇ ಕೊಟ್ಟರು, ಆದರೆ ಪೂರಾ ಕೊಡಲಿಲ್ಲ. ಟಾಮ್ ವಿಲ್ಕಿನ್ಸನ್ ಅಂತ ಒಬ್ಬ ಹಿರಿಯ ಇದ್ದ, ಅವನ ಜೊತೆ ಹಂಚಿಕೊಂಡು ಆಡಿಸಿದರು. 1978ರಿಂದ 1982ರ ತನಕ ಐದು ವರ್ಷ ಸಾಲಾಗಿ ಅಲ್ಲಿಯ ದೊಡ್ಡ ಪ್ರಶಸ್ತಿ ಗ್ರೇ ಕಪ್ ಆ ತಂಡದ್ದೇ. ವಿಲ್ಕಿನ್ಸನ್ ನಿವೃತ್ತನಾದ ಮೇಲೆ ಇಡೀ ಭಾರ ಮೂನ್ ಹೊತ್ತ, ಆಮೇಲೆ ಅವನ ದೇಶದವರೇ ಕರೆದುಕೊಂಡರು. ಇದನ್ನು ಕೇಳಿದಾಗ ನನಗೆ ಕಂಡದ್ದು ಔರಾದಿನ ಹೊಲ. ನಮ್ಮ ಒಕ್ಕಲಿಗರು ಹೊಸ ಹೋರಿಯನ್ನು ಎಂದೂ ಹೊಸ ಹೋರಿಯ ಜೊತೆ ಹೂಡುವುದಿಲ್ಲ. ಒಂದು ಬದಿಗೆ ಬಾಯಿಗೂಡಿದ ಹಳೇ ಎತ್ತು, ಇನ್ನೊಂದು ಬದಿಗೆ ಎರಡು ಹಲ್ಲಿನದು. ಹೋರಿ ಎಷ್ಟು ಜೋರಾಗಿ ಎಳೆಯುತ್ತದೆ ಅಂತ ಯಾರೂ ನೋಡುವುದಿಲ್ಲ, ಸಾಲಿನ ಕೊನೆಗೆ ಹಳೇ ಎತ್ತು ತಿರುಗಿದಾಗ ಇದೂ ತಿರುಗಿತೋ ಅಂತ ನೋಡುತ್ತಾರೆ.

ಈಗ ಮ್ಯಾಟು ಬಂದಿದೆ, ತಕ್ಕಡಿ ಬಂದಿದೆ, ಮೂರು ಮೂರು ನಿಮಿಷದ ಎರಡು ಸುತ್ತು, ಹತ್ತು ಅಂಕ ಮುಂದೆ ಹೋದರೆ ಅಲ್ಲಿಗೇ ಕುಸ್ತಿ ಮುಗಿಯಿತು. ತಕ್ಕಡಿ ಬಂದದ್ದು ಒಳ್ಳೆಯದಾಯಿತು ಅಂತ ನಾನು ಹೇಳುತ್ತೇನೆ, ಹಳಬರು ಬೈದರೂ ಸರಿ. ಅದು ಮೊದಲೇ ಇದ್ದಿದ್ದರೆ ಆ ಹುಡುಗನ ಭುಜ ಉಳಿಯುತ್ತಿತ್ತು. ಹುಡುಗಿಯರೂ ಹಿಡಿಯುತ್ತಿದ್ದಾರೆ, ಅದೂ ಒಳ್ಳೆಯದೇ. ಆದರೆ ಹದಿನಾಲ್ಕರ ಹುಡುಗ ಆರು ಅಂಕ ಮುಂದಿದ್ದು ಕೊನೆಯ ನಿಮಿಷ ಹಿಂದೆ ಹಿಂದೆ ಸರಿಯುವುದನ್ನು ನೋಡಿದಾಗ ಕೈ ತುರಿಸುತ್ತದೆ. ಗೆಲ್ಲುವುದು ಕಲಿತಿದ್ದಾನೆ. ಹೊಸ ದಾವು ಯಾವಾಗ ಕಲಿಯುತ್ತಾನೆ?

ಹಾಗಂತ ನಾನೇನು ದೊಡ್ಡ ಪಾರಖಿ ಅಲ್ಲ. ನೌಕರಿಯಲ್ಲಿದ್ದಾಗ ಭಾಲ್ಕಿ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಕಲಿಯಲು ಬಂದಿದ್ದ. ಸಣಕಲು, ಮೊಣಕಾಲು ಒಳಕ್ಕೆ ಬಾಗಿದವು, ಕಣದಲ್ಲಿ ಇಳಿದರೆ ನಗು ಬರುತ್ತಿತ್ತು. ಮೂರು ತಿಂಗಳು ನೋಡಿ, 'ತಮ್ಮಾ, ನಿನ್ನ ಕಡಿಂದ ಇದು ಆಗಂಗಿಲ್ಲ, ಓದು' ಅಂದೆ. ಮಾತಿಲ್ಲದೆ ಹೋದ. ಆಮೇಲೆ ಕೂತು ಯೋಚಿಸಿದರೆ ಎದೆ ಧಸಕ್ಕೆಂದಿತು. ಆ ಮೂರು ತಿಂಗಳಲ್ಲಿ ಅವನು ಒಂದೇ ದಾವಿಗೆ ಎರಡು ಸಲ ಬಿದ್ದದ್ದು ನನಗೆ ನೆನಪಿಗೆ ಬರಲಿಲ್ಲ. ಗೋಡೆಯ ಮೇಲೆ ಬರೆದಿದ್ದರೆ ಎಲ್ಲ ಗೆರೆಯೇ ಇರುತ್ತಿದ್ದವು. ನಾನು ನೋಡಿದ್ದು ಮೊಣಕಾಲು. ಹುಡುಕಿಕೊಂಡು ಹೋಗುವಷ್ಟರಲ್ಲಿ ಅವನ ಅಪ್ಪ ಅವನನ್ನು ಹೈದರಾಬಾದಿಗೆ ಕೆಲಸಕ್ಕೆ ಕಳಿಸಿದ್ದ.

ಅವನು ಈಗ ಊರಿಗೆ ಮರಳಿ ಎಮ್ಮೆ ಕಟ್ಟಿಕೊಂಡಿದ್ದಾನೆ, ಹಾಲು ಮಾರುತ್ತಾನೆ. ಹೋದ ವರ್ಷ ಅಮರೇಶ್ವರ ಜಾತ್ರೆಗೆ ನಾನು ಪಂಚನಾಗಿ ಕೂತಿದ್ದಾಗ ಒಂಬತ್ತು ವರ್ಷದ ಮಗನನ್ನು ಕೈ ಹಿಡಿದು ಕರೆತಂದ. ಅದೇ ಮೊಣಕಾಲು. 'ಮಾಸ್ತರ್, ನೋಡ್ರಿ. ಇವನ ಕಡಿಂದ ಆಗ್ತದೋ ಇಲ್ಲೋ ಹೇಳ್ರಿ' ಅಂದ. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ತಲೆ ಎತ್ತಲು ಆಗಲಿಲ್ಲ. ಹುಡುಗನ ಮಣಿಕಟ್ಟು ಹಿಡಿದೆ, ಅವನಷ್ಟೇ ಇದ್ದ ಇನ್ನೊಬ್ಬನ ಜೊತೆ ಜೋಡಿ ಹಚ್ಚಿದೆ. ಎರಡು ನಿಮಿಷದಲ್ಲಿ ನಮ್ಮ ಹುಡುಗ ಚಿತ್ ಆದ. ಏಕಲಂಗಿ ದಾವಿಗೆ. ಮೈ ಝಾಡಿಸಿಕೊಂಡು ಎದ್ದ, ಎದುರಿನವನ ಕಾಲು ಎಲ್ಲಿಂದ ಬಂತು ಅಂತ ತಿರುತಿರುಗಿ ನೋಡುತ್ತ ನನ್ನ ಹತ್ತಿರ ಬಂದ.

'ಮುತ್ಯಾ, ಬಿದ್ದಂವಗೂ ಕಾಯಿ ಕೊಡ್ತಾರೇನು?'

ಕಾಯಿ ಒಡೆದು ಅರ್ಧ ಗೆದ್ದವನಿಗೆ ಕೊಟ್ಟೆ, ಅರ್ಧ ಇವನಿಗೆ. ಜೇಬಿನಲ್ಲಿ ಪೆನ್ನಿತ್ತು. ಪಟ್ಟಿ ಎತ್ತಿದ ರೊಕ್ಕದ ಲೆಕ್ಕ ಬರೆಯಲು ಕೊಟ್ಟಿದ್ದ ಹಾಳೆಯ ಹಿಂಬದಿಗೆ ಎಮ್ಮೆಯ ಕೊಂಬಿನ ಹಾಗೆ ಒಂದು ಗುರುತು ಹಾಕಿ, ಕೆಳಗೆ ಒಂದು ಗೆರೆ ಎಳೆದೆ.